ನೊಣದ ಕೋಣೆಯ ಹನುಮವ್ವ

ನಮ್ಮ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು ಹನ್ನೊಂದು ಮಂದಿ ಇದ್ದಾರೆ. ಒಂದು ನೊಣ ಗಂಡೋ ಹೆಣ್ಣೋ ಎಂಬ ಅನುಮಾನ ಬಂದರೆ ಆ ಹನ್ನೊಂದೂ ಮಂದಿ ಎದ್ದು ಹೋಗುವುದು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಹನುಮವ್ವನ ಬಳಿಗೆ. ಹೋಗುವಾಗ ಅವರ ಮುಖದ ಮೇಲೆ ಚೂರು ನಾಚಿಕೆ ಇರುತ್ತದೆ. ಅದನ್ನು ನೋಡುವುದು ನನಗೆ ಬಹಳ ಇಷ್ಟ, ಸುಳ್ಳು ಯಾಕೆ ಹೇಳಲಿ.

ನಾನು ಶಶಿಕಾಂತ, ಅಲ್ಲಿನ ಸ್ಟೋರ್ ಕೀಪರ್. ಕಾರ್ಕಳದ ಕಡೆಯವನು, ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಯಿತು. ವಿಕ್ರೋಳಿಯಲ್ಲಿ ಹಿಂದೆ ನಟ್ಟು ಬೋಲ್ಟು ತಯಾರಿಸುತ್ತಿದ್ದ ಶೆಡ್ಡೊಂದನ್ನು ಒಡೆದು, ಎಬ್ಬಿಸಿ, ಬಿಳಿ ಬಣ್ಣ ಬಳಿದು ಮಾಡಿದ ಪ್ರಯೋಗಾಲಯ ನಮ್ಮದು. ಮೊದಲ ಮಹಡಿಯಲ್ಲಿ ನೊಣದ ಕೋಣೆ. ಬಾಳೆಹಣ್ಣು ಕೊಳೆತರೆ ಮುತ್ತಿಕೊಳ್ಳುತ್ತವಲ್ಲ, ಎಳ್ಳುಕಾಳಿನಷ್ಟು ಚಿಕ್ಕ ನೊಣಗಳು, ಅವನ್ನು ಸಾವಿರಾರು ಸೀಸೆಗಳಲ್ಲಿ ಹತ್ತಿಯ ಬಿರಡೆ ಹಾಕಿ ಸಾಕುತ್ತಾರೆ. ಮನೆಯಲ್ಲಿ ನಾವು ಓಡಿಸುವ ಹುಳಕ್ಕೆ ಇಲ್ಲಿ ಏಸಿ, ಹೊತ್ತು ಹೊತ್ತಿಗೆ ಊಟ, ರಜೆಯ ದಿನ ನೋಡಿಕೊಳ್ಳಲು ಆಳು. ಸೇರಿದ ಹೊಸತರಲ್ಲಿ ಇದನ್ನು ನೋಡಿ ನಾನು ಹಣೆ ಚಚ್ಚಿಕೊಂಡಿದ್ದೆ.

ಹನುಮವ್ವ ಯಾದಗಿರಿ ಕಡೆಯವಳು. ಗಂಡ ಸಾಯಬಣ್ಣ ಗಾರೆ ಕೆಲಸದ ಗೌಂಡಿ. ಭಾಂಡುಪಿನ ಗುಡ್ಡದ ಮೇಲಿನ ಚಾಳಿನಲ್ಲಿ ಇಬ್ಬರದೇ ಸಂಸಾರ. ಇಲ್ಲಿಗೆ ಬರುವ ಮೊದಲು ಅವಳು ಒಂದು ಕಿರಾಣಿ ಗೋದಾಮಿನಲ್ಲಿ ಒಂಬತ್ತು ವರ್ಷ ಅಕ್ಕಿ, ಬೇಳೆ ಹಸನು ಮಾಡಿದವಳು. ಕಲ್ಲು, ನುಚ್ಚು, ಹುಳು ಬಿದ್ದ ಕಾಳು ಆರಿಸಿ ಆರಿಸಿ ಅವಳ ಕಣ್ಣು ಎಷ್ಟು ಪಳಗಿತ್ತೆಂದರೆ, ಮಾತಾಡುತ್ತಲೇ ಮೊರದಲ್ಲಿದ್ದ ಕಲ್ಲನ್ನು ಬೆರಳು ತಾನೇ ಹುಡುಕಿ ತೆಗೆಯುತ್ತಿತ್ತು. ಏಳು ವರ್ಷದ ಹಿಂದೆ ಸೀಸೆ ತೊಳೆಯುವ ಕೆಲಸಕ್ಕೆ ಅವಳನ್ನು ಸೇರಿಸಿದವನು ನಾನೇ. ಕಾಂಟ್ರ್ಯಾಕ್ಟ್ ಕೆಲಸ, ಪ್ರತಿ ಮಾರ್ಚಿಗೆ ಮುಗಿಯುತ್ತದೆ, ಮೇಲಿನವರು ಮನಸ್ಸು ಮಾಡಿದರೆ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗುತ್ತದೆ.

ನೊಣಗಳ ಕೆಲಸದಲ್ಲಿ ಒಂದು ಕಷ್ಟವಿದೆ. ಕೋಶ ಒಡೆದು ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣುಗಳನ್ನು ಬೇರೆ ಮಾಡಿಬಿಡಬೇಕು. ತಡವಾದರೆ ಅಲ್ಲೇ ಇದ್ದ ಗಂಡಿನ ಜೊತೆ ಕೂಡಿರುತ್ತವೆ, ಆಮೇಲೆ ಯಾವ ಸಂತಾನ ಯಾರದ್ದೆಂದು ಬ್ರಹ್ಮನೂ ಹೇಳಲಾರ. ಹೀಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗ್ಯಾಸು ಬಿಟ್ಟು ನೊಣಗಳಿಗೆ ಮತ್ತು ಬರಿಸಿ, ಮೈಕ್ರೋಸ್ಕೋಪಿನ ಕೆಳಗೆ ಹರಡಿ, ಸಣ್ಣ ಕುಂಚದಿಂದ ಅತ್ತ ಇತ್ತ ಸರಿಸುತ್ತಾರೆ. ಹನುಮವ್ವ ಬಂದ ವರ್ಷವೇ ಹೊಸದಾಗಿ ಸೇರಿದ್ದ ನಿಶ್ಮಿತಾ ಇದೇ ಕೆಲಸದಲ್ಲಿ ದಿನಾ ಅಳುತ್ತಿದ್ದಳು. ಜೋಗೇಶ್ವರಿಯ ಹುಡುಗಿ, ನಮ್ಮ ಕಡೆಯ ಹೋಟೆಲಿನವರ ಮಗಳು. ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಅರ್ಥವಾಗುತ್ತದೆ ಆದರೆ ಬಾಯಿಗೆ ಬರುವಾಗ ಕುಂಟುತ್ತದೆ. ಸೀಸೆ ಒಯ್ಯಲು ಬಂದ ಹನುಮವ್ವ ಅವಳ ಕಣ್ಣೀರು ನೋಡಿ, "ಸರೀರಿ, ಒಂದೀಟು ನೋಡ್ತೀನಿ" ಎಂದು ಕೂತಳಂತೆ.

"ಇದರ ಹಿಂದ ಕರ್ರಗ ಅದ, ಮುಂಗಾಲಿಗೆ ಕರಿ ಚುಕ್ಕಿ ಅದ, ಇದು ಗಂಡು. ಇದರ ಹೊಟ್ಟಿ ತುದಿ ಚೂಪ ಅದ, ಇದು ಹೆಣ್ಣು. ಹೌದಲ್ರೀ?"

ಹೌದಾಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ನಿಮಿಷದಲ್ಲಿ ಅವಳು ಇನ್ನೂರು ನೊಣ ಹಸನು ಮಾಡಿ ಎದ್ದಳು. ಒಂದೂ ತಪ್ಪಿರಲಿಲ್ಲ. ಮರುವಾರವೇ ವಿಭಾಗದ ಮುಖ್ಯಸ್ಥೆ ಹರಿಣಿ ಮೇಡಂ ಅವಳನ್ನು ತೊಳೆಯುವ ಕೆಲಸದಿಂದ ಬಿಡಿಸಿ ಮೇಲಿನ ಕೋಣೆಗೆ ತೆಗೆದುಕೊಂಡರು. ಹರಿಣಿ ಮೇಡಂ ಮಾಟುಂಗದಲ್ಲಿ ಹುಟ್ಟಿ ಬೆಳೆದ ಕನ್ನಡತಿ, ಹೊಗಳಿಕೆ ವಿಷಯದಲ್ಲಿ ಜಿಪುಣಿ. ಅವರೇ ಒಮ್ಮೆ, "ಶಶಿಕಾಂತ್, ನೀವು ಈ ಸಂಸ್ಥೆಗೆ ತಂದ ಅತ್ಯುತ್ತಮ ಉಪಕರಣ ಹನುಮವ್ವ" ಎಂದರು. ಹೊಗಳಿದ್ದು ಅವಳನ್ನೋ ನನ್ನನ್ನೋ ತಿಳಿಯದೆ ನಾನು ಹಲ್ಲು ಕಿರಿದೆ.

ನಿಶ್ಮಿತಾಳ ಸಂಶೋಧನೆ ಹೆಣ್ಣು ನೊಣದ ಅಂಡಾಶಯದ ಮೇಲೆ. ಅದನ್ನು ಅವಳು ಹನುಮವ್ವನಿಗೆ ಬಿಡಿಸಿ ಹೇಳುವಾಗ ನಾನೂ ಚಹಾ ಕುಡಿಯುತ್ತ ಅಲ್ಲೇ ಇದ್ದೆ, ಹಾಗಾಗಿ ನನಗೂ ತಿಳಿಯಿತು.

"ಮೌಶಿ, ಹೇಗೆ ಹೇಳುದು... ಹೆಣ್ಣಿನ ಒಳಗೆ ಮೊಟ್ಟೆ ಆಗುವ ಸೆಲ್ ಉಂಟಲ್ಲ, ಅದರಲ್ಲಿ ಗಂಡಿನ ಪೂರಾ ರೆಸಿಪಿ ಭೀ ಉಂಟು. ವೀರ್ಯ ಹೇಗೆ ಮಾಡುದು, ಸಬ್ ಕುಛ್. ಆದ್ರೆ ಬಂದ್ ಇಡ್ಬೇಕು. ಒಂದು ಪ್ರೋಟೀನ್ ಹೋಗಿ ಆ ರೆಸಿಪಿಯ ಜೀನ್ ಮೇಲೆ ನಿಶಾನಿ ಹಾಕ್ತದೆ, 'ಇದು ಓಪನ್ ಮಾಡ್ಬೇಡಿ' ಅಂತ."

"ಒಮ್ಮಿ ಹಾಕಿದ್ರ ಮುಗೀತಲ್ರೀ?"

"ನಹೀಂ ನಾ! ದಿನಾ ಇಡ್ಬೇಕು, ಲೈಫ್ ಪೂರ್ತಿ. ಆ ನಿಶಾನಿ ತೆಗೆದ್ರೆ ಸೆಲ್‌ಗೆ ನಾನು ಹೆಣ್ಣು ಅಂತ ನೆನಪು ಹೋಗ್ತದೆ. ಮೊಟ್ಟೆಯೂ ಆಗುದಿಲ್ಲ, ವೀರ್ಯವೂ ಆಗುದಿಲ್ಲ. ಬಸ್, ಗಡ್ಡೆ ಹಾಗೆ ಬೆಳೀತದೆ. ಆ ಹೆಣ್ಣಿಗೆ ಮಕ್ಕಳಿಲ್ಲ."

ಹನುಮವ್ವ ಕೈಯಲ್ಲಿದ್ದ ಸೀಸೆಗೆ ಬಿರಡೆ ಹಾಕುತ್ತ, "ಹುಟ್ಟಿದ ಮ್ಯಾಲೂ ದಿನಾ ಕಾಯಬೇಕಂದ್ರ ಕಷ್ಟರೀ ಅದರ ಜೀವನ" ಎಂದಳು.

ನಿಶ್ಮಿತಾ ತನ್ನ ಪ್ರಯೋಗಕ್ಕೆ ಎರಡು ರ್ಯಾಕ್ ಮಾಡಿದಳು. ಕೆಂಪು ಪಟ್ಟಿಯ ರ್ಯಾಕಿನಲ್ಲಿ ಆ ಗುರುತು ತೆಗೆದ ಹೆಣ್ಣುಗಳು. ಅಪರೂಪಕ್ಕೆ ಒಂದೆರಡು ಬಿಟ್ಟರೆ ಎಲ್ಲವೂ ಬಂಜೆ. ಗುರುತು ಹೋದಾಗ ಗಂಡಿನ ಜೀನುಗಳು ಒಂದಲ್ಲ, ಇಪ್ಪತ್ತು ತೆರೆದುಕೊಳ್ಳುತ್ತವೆ. ಅದರಲ್ಲಿ ಕಿತಾಪತಿ ಮಾಡುವುದು ಒಂದೇ ಒಂದು ಎಂಬುದು ಅವಳ ಊಹೆ. ನೀಲಿ ಪಟ್ಟಿಯ ರ್ಯಾಕಿನಲ್ಲೂ ಗುರುತು ತೆಗೆದ ಹೆಣ್ಣುಗಳೇ, ಆದರೆ ಅವುಗಳಲ್ಲಿ ಆ ಒಂದನ್ನು ಬೇರೆ ಉಪಾಯದಿಂದ ಮುಚ್ಚಿದಳು. ಊಹೆ ಸರಿಯಾದರೆ ನೀಲಿಯವು ಮೊಟ್ಟೆ ಕಟ್ಟಬೇಕು. "ಮೌಶಿ, ಇವಕ್ಕೆ ಉಮ್ಮೀದ್ ಉಂಟು, ಆಸೆ ಉಂಟು" ಎಂದು ನೀಲಿ ರ್ಯಾಕಿನ ಬೆನ್ನು ತಟ್ಟಿ ಹೇಳಿದಳು.

ಮೂರು ತಿಂಗಳಾದ ಮೇಲೆ ಮೊಟ್ಟೆ ಕಟ್ಟಿದ ಹೆಣ್ಣುಗಳನ್ನು ಎಣಿಸಿದರು. ಕೆಂಪಿನಲ್ಲಿ ನೂರಕ್ಕೆ ಎರಡು. ನೀಲಿಯಲ್ಲಿ ನೂರಕ್ಕೆ ಹನ್ನೆರಡು! ನಿಶ್ಮಿತಾ ಕಾರಿಡಾರಿನಲ್ಲಿ ಕುಣಿದೇಬಿಟ್ಟಳು. ಅವಳಪ್ಪನ ಹೋಟೆಲಿನಿಂದ ಕಾಶಿ ಹಲ್ವ ಬಂತು, ನಾನು ಎರಡು ಸಲ ತೆಗೆದುಕೊಂಡೆ. ಪುಣೆಯ ಸಮ್ಮೇಳನದಲ್ಲಿ ಅವಳ ಭಾಷಣ ನಿಗದಿಯಾಯಿತು. ನಾಲ್ಕು ವರ್ಷದ ಅಳುವಿಗೆ ಒಂದು ಫಲ ಸಿಕ್ಕಿತ್ತು.

ಸಮ್ಮೇಳನಕ್ಕೆ ಎರಡು ವಾರ ಇರುವಾಗ ಹನುಮವ್ವ ಮಧ್ಯಾಹ್ನ ನನ್ನ ಸ್ಟೋರಿಗೆ ಬಂದಳು. ಊಟದ ಡಬ್ಬಿ ಕೈಯಲ್ಲೇ ಇತ್ತು, ತೆರೆದಿರಲಿಲ್ಲ.

"ಶಶಿಕಾಂತಣ್ಣ, ನನ್ನ ಕೈಲಿಂದ ಒಂದು ತಪ್ಪಾಗ್ಯಾದ."

ಸೀಸೆ ಒಡೆದಿರಬೇಕು ಎಂದುಕೊಂಡೆ. ಅವಳು ಹೇಳಿದ್ದು ಇದು. ನಿಶ್ಮಿತಾ ತನ್ನ ಭಾಷಣವನ್ನು ಅಭ್ಯಾಸ ಮಾಡುವಾಗ ಹನುಮವ್ವನನ್ನೂ ಎದುರಿಗೆ ಕೂರಿಸಿಕೊಂಡಿದ್ದಳು. ಅದರಲ್ಲಿ ಒಂದು ಮಾತು ಬಂತು: ಈ ಎರಡು ರ್ಯಾಕಿಗೂ ಇರುವ ಫರಕು ಒಂದೇ ಒಂದು ಜೀನ್, ಮತ್ತೇನೂ ಇಲ್ಲ. ಅದನ್ನು ಕೇಳಿ ಹನುಮವ್ವ ಎದ್ದು ನೇರ ನನ್ನಲ್ಲಿಗೆ ಬಂದಿದ್ದಳು. ಯಾಕೆಂದರೆ ಇನ್ನೊಂದು ಫರಕಿತ್ತು, ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಪ್ರತಿ ಶುಕ್ರವಾರ ನಸುಕಿನ್ಯಾಗ ಬಂದು ನೀಲಿ ಪಟ್ಟಿ ಹುಳಕ್ಕ ನಾನು ಉಡಿ ತುಂಬೀನ್ರೀ."

"ಎಂತ? ನೊಣಕ್ಕೆ ಉಡಿಯಾ?"

"ಅಕ್ಕಿ ಕೊಬ್ಬರಿ ಅಲ್ರೀ. ಯೀಸ್ಟಿನ ಹಿಟ್ಟು. ಒಂದೊಂದು ಸೀಸೆಗೆ ಕಡ್ಲಿಕಾಳಿನಷ್ಟು. ಅದು ತಿಂದ್ರ ಹೆಣ್ಣಿನ ಹೊಟ್ಟ್ಯಾಗ ತತ್ತಿ ತುಂಬ್ತಾವು ಅಂತ ಮೇಡಮ್ರೇ ಹೇಳಿದ್ರು. ಇವಕ್ಕ ಆಸಿ ಅದ ಅಂತ ನಿಶ್ಮಿತಾ ಅವ್ರು ಅಂದ್ರಲ್ಲ, ಅದಕ್ಕ ಹಾಕಿದೆ. ಕೆಂಪಿನವಕ್ಕ ಹಾಕಿಲ್ಲ."

ನಮ್ಮ ಕಡೆ ಉಡಿ ತುಂಬುವುದಿಲ್ಲ, ಮಡಿಲು ತುಂಬುತ್ತೇವೆ. ಹೆಸರು ಬೇರೆ, ಅರ್ಥ ಒಂದೇ. ಅವಳ ಸೀಮೆಯಲ್ಲಿ ಬಸುರಿಗೆ, ಮದುಮಗಳಿಗೆ, ತವರಿಗೆ ಬಂದ ಮಗಳಿಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ರವಿಕೆಯ ಖಣ ಹಾಕಿ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಾರೆ. ಹನುಮವ್ವನಿಗೆ ಮದುವೆಯಾಗಿ ಇಪ್ಪತ್ತಾರು ವರ್ಷ, ಮಕ್ಕಳಾಗಲಿಲ್ಲ. ಮೊದಲ ಐದಾರು ವರ್ಷ ಆಸೆಯಿಂದ ತುಂಬಿದರಂತೆ. ಆಮೇಲೆ ಅತ್ತೆ, ನಾದಿನಿ, ಚಾಳಿನ ಹೆಂಗಸರು, ಒಬ್ಬೊಬ್ಬರೇ ಅವಳನ್ನು ದಾಟಿ ಪಕ್ಕದವಳಿಗೆ ಹೋಗತೊಡಗಿದರು. ಸೀಮಂತಕ್ಕೆ ಕರೆಯುವುದನ್ನೂ ಬಿಟ್ಟರು. ಸಾಯಬಣ್ಣ ಮಾತ್ರ ಒಂದು ದಿನವೂ ಒಂದು ಮಾತು ಆಡಿದವನಲ್ಲ. ಆಸೆ ಇರುವಷ್ಟು ದಿನ ತುಂಬುತ್ತಾರೆ, ಆಸೆ ಹೋದ ಮೇಲೆ ದಾಟುತ್ತಾರೆ ಎಂಬ ಲೆಕ್ಕ ಅವಳಿಗೆ ಮೈಮೇಲೆ ಬರೆದಂತೆ ಗೊತ್ತಿತ್ತು. ಆ ಲೆಕ್ಕವನ್ನೇ ಅವಳು ಎರಡು ರ್ಯಾಕಿಗೂ ಹಾಕಿದ್ದಳು.

ನಾನು ಎದ್ದು ಸ್ಟೋರಿನ ಬಾಗಿಲು ಮುಂದೆ ಮಾಡಿದೆ. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಸುಖವಿಲ್ಲ, ಆದರೂ ಬರೆಯುತ್ತೇನೆ.

"ಯಾರಿಗಾದರೂ ಹೇಳಿದ್ದೀಯಾ?"

"ಇಲ್ರೀ."

"ಹಾಗಾದರೆ ಹೇಳಬೇಡ ಮಾರಾಯ್ತಿ. ಯಾರು ನೋಡಿದ್ದಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹುಡುಗಿ ಪುಣೆಗೆ ಹೋಗಿ ಬರಲಿ, ನಿನ್ನ ಕೆಲಸವೂ ಉಳಿಯುತ್ತದೆ. ಮಾರ್ಚ್ ದೂರ ಇಲ್ಲ."

"ಮತ್ತ ಅದು ಸುಳ್ಳಾಗ್ತದಲ್ರೀ."

"ಯಾವುದು?"

"ಒಂದೇ ಫರಕು ಅನ್ನೋದು."

ಅಷ್ಟು ಹೇಳಿ ಡಬ್ಬಿ ತೆಗೆದುಕೊಂಡು ಹೋದಳು. ನಾನು ಬುದ್ಧಿ ಹೇಳಿ ಒಬ್ಬ ಬಡವಿಯನ್ನು ಉಳಿಸಿದೆ ಎಂದುಕೊಂಡು ನೆಮ್ಮದಿಯಾಗಿ ಚಹಾ ತರಿಸಿದೆ. ಚಹಾ ಆರುವ ಮೊದಲು ಹರಿಣಿ ಮೇಡಂ ಕೋಣೆಗೆ ಬರಬೇಕೆಂದು ನನಗೆ ಫೋನು ಬಂತು. ಇವಳು ನೇರ ಮೆಟ್ಟಿಲು ಹತ್ತಿ ಅಲ್ಲಿಗೇ ಹೋಗಿದ್ದಳು!

ನಾನು ಹೋದಾಗ ಮೇಡಂ, ನಿಶ್ಮಿತಾ, ಹನುಮವ್ವ ಮೂವರೂ ನಿಂತೇ ಇದ್ದರು. ಇವಳು ಎಲ್ಲವನ್ನೂ ಹೇಳಿ ಮುಗಿಸಿದ್ದಳು. ನಿಶ್ಮಿತಾಳ ಮುಖದಲ್ಲಿ ರಕ್ತವಿರಲಿಲ್ಲ. ಒಮ್ಮೆಲೇ ಅವಳ ಬಾಯಿಂದ ಮಾತು ಸಿಡಿಯಿತು.

"ತುಮಕೋ ಬಚ್ಚಾ ನಹೀಂ ಹುವಾ, ಮಕ್ಕಳಾಗಿಲ್ಲ, ಅದಕ್ಕೆ ನನ್ನ ನಾಲ್ಕು ವರ್ಷ ಕಾ ಕಾಮ್ ಹಾಳು ಮಾಡಿದ್ದಾ ನೀವು?"

ಹೇಳಿದವಳಿಗೇ ಹೇಳಿದ ಮೇಲೆ ಹೆದರಿಕೆಯಾದಂತಿತ್ತು. ಹನುಮವ್ವ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ಕುಂಚ ಹಿಡಿದು ಹಿಡಿದು ದಡ್ಡುಗಟ್ಟಿದ್ದ ಬೆರಳನ್ನು ಇನ್ನೊಂದು ಕೈಯಿಂದ ತಿಕ್ಕುತ್ತ ನಿಂತಿದ್ದಳು.

ಹರಿಣಿ ಮೇಡಂ ಕೇಳಿದರು, "ಇದನ್ನ ನಮಗಿಂತ ಮೊದಲು ಯಾರಿಗಾದರೂ ಹೇಳಿದ್ದೀರಾ, ಹನುಮವ್ವ?"

"ಹೌದ್ರೀ. ಶಶಿಕಾಂತಣ್ಣಗ ಹೇಳಿದ್ದೆ. ಸುಮ್ಮನಿರು ಅಂದ್ರು."

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಮೇಡಂ ನನ್ನನ್ನು ನೋಡಿದರು. ಆ ಸಂಜೆಯೆಲ್ಲ ನಾನು ಹನುಮವ್ವನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಉಪಕಾರ ಮಾಡಲು ಹೋದರೆ ನನ್ನ ತಲೆಗೇ ಕಲ್ಲು ಹಾಕಿದಳಲ್ಲ ಎಂದು ಉರಿದುಕೊಂಡೆ. ಮರುದಿನ ಶೇವ್ ಮಾಡಿಕೊಳ್ಳುವಾಗ ಹೊಳೆಯಿತು, ಅವಳು ತನ್ನ ತಪ್ಪನ್ನು ಹೇಳಿದ ದನಿಯಲ್ಲೇ ನನ್ನದನ್ನೂ ಹೇಳಿದ್ದಳು. ಅವಳ ಮಟ್ಟಿಗೆ ಅದು ಚಾಡಿಯಲ್ಲ, ಕೇಳಿದ್ದಕ್ಕೆ ಉತ್ತರ. ಕೋಪ ಇಳಿಯಿತು. ನಾಚಿಕೆ ಇಳಿಯಲಿಲ್ಲ, ಇಂದಿಗೂ ಇದೆ.

ಪುಣೆಯ ಭಾಷಣವನ್ನು ನಿಶ್ಮಿತಾ ತಾನೇ ಪತ್ರ ಬರೆದು ಹಿಂತೆಗೆದುಕೊಂಡಳು. ಪ್ರಯೋಗವನ್ನು ಮೊದಲಿನಿಂದ ಮಾಡಬೇಕೆಂದು ಮೇಡಂ ತೀರ್ಮಾನಿಸಿದರು. ಹನುಮವ್ವನನ್ನು ಆ ರ್ಯಾಕುಗಳಿಂದ ದೂರ ಇಡುವುದೋ ಬೇಡವೋ ಎಂಬ ಮಾತು ಬಂತು. ಇಟ್ಟರೆ ಅಷ್ಟು ಹೆಣ್ಣುಗಳನ್ನು ತಪ್ಪಿಲ್ಲದೆ ಆರಿಸುವವರು ಯಾರೆಂದು ಯಾರಿಗೂ ತೋಚಲಿಲ್ಲ. ಆಗ ಅವಳೇ ಬಾಯಿ ಬಿಟ್ಟಳು.

"ಯಾವುದು ಯಾವುದು ಅಂತ ನನಗ ಹೇಳಬ್ಯಾಡ್ರಿ. ಬಣ್ಣದ ಪಟ್ಟಿ ತಗದು ಬರೇ ನಂಬರ ಹಚ್ರಿ. ಗೊತ್ತಿದ್ರ ನನ್ನ ಕೈ ಸುಮ್ಮನಿರಂಗಿಲ್ಲ."

ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹೊಸ ಔಷಧ ಪರೀಕ್ಷಿಸುವಾಗ ಮಾಡುವುದು ಇದನ್ನೇ ಎಂದು ಅವರು ಆಮೇಲೆ ನನಗೆ ಹೇಳಿದರು. ಯಾರಿಗೆ ಔಷಧ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂಬುದನ್ನು ಕೊಡುವವರಿಗೂ ತಿಳಿಸುವುದಿಲ್ಲವಂತೆ. ಪುಸ್ತಕ ಓದಿ ಅದನ್ನು ಕಲಿತವರು ಬಹಳ ಮಂದಿ. ತನ್ನ ಕೈಯನ್ನು ತಾನೇ ಸಂಶಯಿಸಿ ಅಲ್ಲಿಗೆ ಮುಟ್ಟಿದವಳು ಇವಳು.

ನಾಲ್ಕು ರ್ಯಾಕುಗಳಾದವು. ಎರಡಕ್ಕೆ ಶುಕ್ರವಾರದ ಯೀಸ್ಟ್, ಎರಡಕ್ಕಿಲ್ಲ. ನಂಬರ್ ಮಾತ್ರ. ಯಾವುದರಲ್ಲಿ ಎಂಥ ನೊಣ ಎಂಬ ಚೀಟಿ ಮೇಡಂ ಅವರ ಕಪಾಟಿನಲ್ಲಿ. ನಿಶ್ಮಿತಾಳಿಗೂ ತಿಳಿಯದು. ಎರಡು ತಿಂಗಳು ಹೀಗೆ ನಡೆಯಿತು. ಬೆಳಿಗ್ಗೆ ಏಳೂಮುಕ್ಕಾಲಿಗೆ ಭಾಂಡುಪಿನಿಂದ ಲೋಕಲ್ ಹಿಡಿದು ಎರಡನೇ ಸ್ಟೇಶನ್ನಿನಲ್ಲೇ ಇಳಿದು, ಎಂಟೂಕಾಲಿಗೆ ಹನುಮವ್ವ ಮೈಕ್ರೋಸ್ಕೋಪಿನ ಮುಂದೆ. ಒಂದು ದಿನ ತಡವಿಲ್ಲ, ಒಂದು ದಿನ ರಜೆಯಿಲ್ಲ. ಪಕ್ಕದ ಸ್ಟೂಲಿನಲ್ಲಿ ನಿಶ್ಮಿತಾ. "ಮೌಶಿ, ನಂಬರ್ ಮೂರು", "ತಗೋರಿ", ಇಷ್ಟೇ ಮಾತು. ಮೊದಲು ಆ ಕೋಣೆಯಿಂದ ಸ್ಟೋರಿನವರೆಗೂ ನಗು ಕೇಳುತ್ತಿತ್ತು, ಈಗ ಏಸಿಯ ಸದ್ದು. ಮಾರ್ಚಿನಲ್ಲಿ ಅವಳ ಕಾಂಟ್ರ್ಯಾಕ್ಟಿನ ಕಾಗದ ಮೇಡಂ ಮೇಜಿಗೆ ಹೋಯಿತು. ಅದೇ ದಿನ ಸಹಿಯಾಗಿ ನನ್ನ ಕೈಗೆ ಬಂತು. ನಾನು ಸುದ್ದಿ ಹೇಳಿದಾಗ ಹನುಮವ್ವ, "ಹಂಗಾದ್ರ ಎಣಿಕಿ ಮುಗಿಯೋತನಕ ಇರ್ತೀನಿ" ಎಂದಳು.

ಏಪ್ರಿಲಿನ ಎರಡನೇ ವಾರ ಎಣಿಕೆ ಮುಗಿಯಿತು. ಮೇಡಂ ಚೀಟಿ ತಂದು ಎಲ್ಲರ ಎದುರೇ ತೆರೆದರು. ನನ್ನನ್ನೂ ಕರೆದಿದ್ದರು, ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಯೀಸ್ಟ್ ಹಾಕದ ಎರಡರಲ್ಲಿ, ಬರೀ ಗುರುತು ತೆಗೆದವು ನೂರಕ್ಕೆ ಎರಡು, ನಿಶ್ಮಿತಾಳ ಉಪಾಯದವು ನೂರಕ್ಕೆ ಮೂರು. ಯೀಸ್ಟ್ ಹಾಕಿದ ಎರಡರಲ್ಲಿ ಹನ್ನೆರಡು, ಹನ್ನೊಂದು.

ಅಂದರೆ ಆ ಜೀನ್ ಮುಚ್ಚಿದ್ದರಿಂದ ಏನೂ ಆಗಿರಲಿಲ್ಲ. ಮೊಟ್ಟೆ ಕಟ್ಟಿದ್ದು ಬರೀ ಊಟದಿಂದ. ಗುರುತು ಪೂರ್ತಿ ಅಳಿಯದೆ ಉಳಿದಿದ್ದ ಕೆಲವು ಹೆಣ್ಣುಗಳಿಗೆ ಹೊಟ್ಟೆ ತುಂಬಾ ಸಿಕ್ಕಾಗ ಅವು ಹೇಗೋ ದಾರಿ ಕಂಡುಕೊಂಡಿದ್ದವು, ಅಷ್ಟೇ. ನಿಶ್ಮಿತಾಳ ಊಹೆ ತಪ್ಪಾಗಿತ್ತು. ಪುಣೆಯಲ್ಲಿ ಅದನ್ನು ಹೇಳಿದ್ದರೆ ಇನ್ನೂರು ಜನರ ಮುಂದೆ ತಪ್ಪನ್ನೇ ಹೇಳಿ ಚಪ್ಪಾಳೆ ತೆಗೆದುಕೊಂಡು ಬರುತ್ತಿದ್ದಳು. ಯಾರೋ ಎಲ್ಲೋ ಅದನ್ನು ನಂಬಿ ತಮ್ಮ ನಾಲ್ಕು ವರ್ಷ ಅದರ ಮೇಲೆ ಸುರಿಯುತ್ತಿದ್ದರು.

ಮೇಡಂ ಹೋದ ಮೇಲೆ ನಿಶ್ಮಿತಾ ಸ್ಟೂಲಿನ ಮೇಲೆ ಕುಸಿದು ಕೂತಳು. ಆಮೇಲೆ ಹನುಮವ್ವನ ಕಡೆ ತಿರುಗಿದಳು. ಹಿಂದಿ ಬಿಟ್ಟು, ಇಂಗ್ಲಿಷು ಬಿಟ್ಟು, ಒಂದೊಂದೇ ಕನ್ನಡ ಪದವನ್ನು ಹುಡುಕಿ ಜೋಡಿಸಿದಳು.

"ಮೌಶಿ, ಆ ದಿನ ನಾನು ಹೇಳಿದೆ... ಮಕ್ಕಳ ವಿಷಯ. ಹಾಗೆ ಹೇಳಬಾರದಿತ್ತು. ಅದು ನಿಜ ಅಲ್ಲ. ನನಗೆ ಕೋಪ ಬಂದಿತ್ತು."

ಹನುಮವ್ವ ಕುಂಚ ಕೆಳಗಿಟ್ಟಳು. ಅವಳು ಸುಮ್ಮನೆ "ಇರಲಿ ಬಿಡ್ರಿ" ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಇಂಥ ಹೊತ್ತಿನಲ್ಲಿ ಯಾರಾದರೂ ಹೇಳುವುದು ಅದನ್ನೇ.

"ಖರೇನ ಅಂದೀರಿ, ಅವ್ವಾ. ಮಕ್ಕಳಿದ್ದಿದ್ರ ನಾನು ಆ ಹುಳಕ್ಕ ಯಾಕ ಉಣಸ್ತಿದ್ದೆ?"

ನಿಶ್ಮಿತಾ ಎದ್ದು ಅವಳನ್ನು ತಬ್ಬಿಕೊಂಡಳು. ಹನುಮವ್ವನಿಗೆ ತಬ್ಬಿಸಿಕೊಂಡು ಅಭ್ಯಾಸವಿಲ್ಲ, ಎರಡು ಕೈಗಳನ್ನೂ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದು ನಿಂತಳು. ಆಮೇಲೆ ಒಂದನ್ನು ಮೆಲ್ಲಗೆ ಆ ಹುಡುಗಿಯ ತಲೆಯ ಮೇಲಿಟ್ಟಳು. ನನ್ನ ಕಣ್ಣು ತುಂಬಿತು. ಮೂವತ್ತೊಂದು ವರ್ಷ ಈ ಊರಿನಲ್ಲಿ ದೊಡ್ಡ ಮನುಷ್ಯರನ್ನು ಬೇಕಾದಷ್ಟು ನೋಡಿದ್ದೇನೆ, ತನಗೇ ನೋವಾಗುವ ನಿಜವನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ಇನ್ನೊಬ್ಬರನ್ನು ನೋಡಿಲ್ಲ.

"ಗಂಡಿನ ಜೀನು ಇಪ್ಪತ್ತು ತೆರೀತಾವು ಅಂದಿದ್ರಲ್ಲ," ಹನುಮವ್ವ ಕೇಳುತ್ತಿದ್ದಳು, "ಒಂದು ಹೋಯ್ತು. ಉಳಿದ ಹತ್ತೊಂಬತ್ತರಾಗ ಯಾವುದರಿಂದ ಸುರು ಮಾಡೂಣು?"

ನಿಶ್ಮಿತಾ ಮೂಗೊರೆಸಿಕೊಂಡು ಪಟ್ಟಿ ತೆಗೆದಳು. ನಾನು ಕೆಳಗೆ ಹೋಗಿ ಹತ್ತೊಂಬತ್ತು ರ್ಯಾಕಿಗೆ ಬೇಕಾಗುವಷ್ಟು ಹೊಸ ಸೀಸೆ ತೆಗೆದಿಟ್ಟೆ.